ಮರ್ಯಾದಸ್ಥರು ಹತ್ತದ ಮೆಟ್ಟಿಲು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನಮ್ಮ ಕಡೆ ಈ ಗಾದೆ ಕೇಳದ ಮನೆಯಿಲ್ಲ. ಆದರೆ ಯಾರು ಯಾರಿಗೆ ಇದನ್ನು ಹೇಳುತ್ತಾರೆ ಎಂದು ನೀವು ಎಂದಾದರೂ ಗಮನಿಸಿದ್ದೀರಾ? ಹೊಲದ ಬದುವಿನ ಒಂದು ಮೊಳ ಜಾಗಕ್ಕೆ ದಾಯಾದಿಗಳು ಇಪ್ಪತ್ತು ವರ್ಷ ವ್ಯಾಜ್ಯ ಆಡುತ್ತಾರೆ. ಬೇಲಿಯಂಚಿನ ತೆಂಗಿನಮರ ಯಾರದೆಂಬ ದಾವೆ ತಂದೆಯಿಂದ ಮಗನಿಗೆ ಆಸ್ತಿಯ ಹಾಗೆ ಇಳಿದು ಬರುತ್ತದೆ. ಬೆಳಗಿನ ಬಸ್ಸಿಗೆ ಕಡತದ ಚೀಲ ಹಿಡಿದು ಹೊರಟ ಅಂಥ ಯಜಮಾನರನ್ನು ತಡೆದು ಯಾರೂ ಈ ಗಾದೆ ಹೇಳಿದ್ದನ್ನು ನಾನು ಕಾಣೆ. 'ಕೇಸು ನಡೆಸುತ್ತಿದ್ದಾರೆ' ಎಂದರೆ ಅವರಿಗೆ ಊರಿನಲ್ಲಿ ಒಂದು ತೂಕವೇ ಬರುತ್ತದೆ.

ಅದೇ, ಗಂಡ ಹೊರಗೆ ಹಾಕಿದ ಹೆಂಗಸು ಜೀವನಾಂಶ ಕೇಳಲಿ. ಅಪ್ಪನ ಆಸ್ತಿಯಲ್ಲಿ ಮಗಳು ತನ್ನ ಪಾಲಿನ ಸುದ್ದಿ ಎತ್ತಲಿ. ಮೂರು ತಿಂಗಳ ಸಂಬಳ ಕೊಡದೆ ಓಡಿಸಿದ ಯಜಮಾನನ ಮೇಲೆ ಕೂಲಿಯವಳು ದೂರು ಕೊಡುತ್ತೇನೆ ಎನ್ನಲಿ. ಆಗ ನೋಡಿ, ಎಲ್ಲೆಲ್ಲಿಂದಲೋ ಹಿರಿಯರು ಬಂದು ಕೂತು ಗಾದೆ ಬಿಚ್ಚುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು: 'ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲಮ್ಮ.'

ಈ ಮಾತಿನ ಮೇಲೇ ನನ್ನ ಜಗಳ. ಬುದ್ಧಿವಾದದ ವೇಷ ತೊಟ್ಟ ಬೆದರಿಕೆ ಇದು. ಬಲವಿದ್ದವನಿಗೆ ಕೋರ್ಟು, ಬಲವಿಲ್ಲದವಳಿಗೆ ಹೊಂದಾಣಿಕೆ ಎಂಬ ಹಂಚಿಕೆಯನ್ನು ನಾವು ಹೆಂಗಸರೇ ಒಪ್ಪಿಕೊಂಡು, ನಮ್ಮ ಸೊಸೆ ಮಗಳಂದಿರಿಗೂ ಒಪ್ಪಿಸುತ್ತಾ ಬಂದಿದ್ದೇವೆ. ಅದನ್ನು ಇನ್ನು ನಿಲ್ಲಿಸಬೇಕು.

ಪಡಸಾಲೆಯ ಪಂಚಾಯಿತಿಗಳನ್ನು ನಾನು ಹತ್ತಾರು ಕಂಡಿದ್ದೇನೆ. ಮೇಷ್ಟರಮ್ಮ ಎಂಬ ಗೌರವದಿಂದ ನನ್ನನ್ನೂ ಕರೆದು ಒಂದು ಮೂಲೆಯಲ್ಲಿ ಕೂರಿಸುತ್ತಿದ್ದರು. ಗಂಡಿನ ಕಡೆಯ ನಾಲ್ಕು ಜನ, ಹೆಣ್ಣಿನ ಕಡೆಯ ನಾಲ್ಕು ಜನ, ನಡುವೆ ಊರಿನ ಒಬ್ಬ ದೊಡ್ಡ ಮನುಷ್ಯರು. ಎರಡು ಸುತ್ತು ಕಾಫಿ. ಯಾರ ವಿಷಯ ಮಾತಾಡುತ್ತಿದ್ದಾರೋ ಅವಳು ಮಾತ್ರ ಒಳಗೆ, ಅಡಿಗೆಮನೆಯ ಬಾಗಿಲ ಹಿಂದೆ. ಮಾತು ಎಷ್ಟೇ ಹೊತ್ತು ನಡೆದರೂ ತೀರ್ಪು ಒಂದೇ: 'ಏನೋ ಆಗಿದ್ದು ಆಯಿತು, ಹೊಂದಿಕೊಂಡು ಹೋಗು.' ಕೆನ್ನೆಯ ಮೇಲೆ ಬರೆ ಇದ್ದವಳಿಗೂ ಅದೇ ಮಾತು, ಕೈಯ ಬಳೆ ಕಳಚಿ ಕೊಟ್ಟವಳಿಗೂ ಅದೇ ಮಾತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಗೆಯಾಡಿ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಉಣ್ಣಲು ಏನಾದರೂ ಇದೆಯೇ, ಮಲಗಲು ಜಾಗವಿದೆಯೇ ಎಂದು ಕೇಳುವವರಿಲ್ಲ.

ಕಾನೂನಿನ ಆಡಳಿತ ಎಂಬ ದೊಡ್ಡ ಮಾತನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ನನಗೆ ತಿಳಿದಂತೆ ಅದರ ಅರ್ಥ ಸರಳ. ಕೇಳುವವರು ಯಾರೇ ಇರಲಿ, ಒಂದೇ ಪ್ರಶ್ನೆಗೆ ಒಂದೇ ಉತ್ತರ ಸಿಗಬೇಕು. ಪಡಸಾಲೆಯಲ್ಲಿ ಹಾಗಲ್ಲ. ಯಾರ ಮನೆಯವಳು, ಯಾವ ಜಾತಿ, ತವರಿನಲ್ಲಿ ಅಣ್ಣತಮ್ಮಂದಿರು ಎಷ್ಟು ಜನ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಹಿರಿಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಳ್ಳೆಯವರು ಸಿಕ್ಕರೆ ನ್ಯಾಯ, ಇಲ್ಲದಿದ್ದರೆ ಇಲ್ಲ ಎಂದಾದರೆ ಅದನ್ನು ಅದೃಷ್ಟ ಎನ್ನಬೇಕಾಗುತ್ತದೆ, ನ್ಯಾಯ ಎನ್ನಲಾಗುವುದಿಲ್ಲ.

ಹಾಗಾದರೆ ಗಾದೆಯಲ್ಲಿ ಸತ್ಯವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು 2011ರಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಅಣ್ಣ ಜೊತೆಗೆ ಬರಲೊಲ್ಲ, ನಾನು ಹೋಗುತ್ತಿದ್ದೆ. ಕೋರ್ಟಿನ ಜಗುಲಿಯ ಕಲ್ಲುಬೆಂಚಿನ ಮೇಲೆ ಕೂತು ಕೂತು, ನ್ಯಾಯದ ಬಗ್ಗೆ ಪುಸ್ತಕ ಹೇಳದ ಎಷ್ಟೋ ಪಾಠ ಕಲಿತೆ. ಒಂದು ದಿನ ಗಂಡನ ವಕೀಲರಿಗೆ ಜ್ವರ. ಇನ್ನೊಂದು ದಿನ ಗಂಡನಿಗೇ ಜ್ವರ. ಮತ್ತೊಂದು ದಿನ ವಕೀಲರ ಕಲಾಪ ಬಹಿಷ್ಕಾರ. ಅದಾದ ಮೇಲೆ ನ್ಯಾಯಾಧೀಶರಿಗೆ ವರ್ಗ, ಹೊಸಬರು ಬರುವ ತನಕ ವಾಯಿದೆಯ ಮೇಲೆ ವಾಯಿದೆ. ಕೂಗುವವನು ಹೆಸರು ಕೂಗಿದಾಗ ಇವಳು ಎದ್ದು ಒಳಗೆ ಹೋಗುವಳು. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನ ತಾರೀಖು ಹೇಳಿ ಕಳಿಸುವರು. ಹೋದ ದಿನದ ಹೊಲಿಗೆ ಹೋಯಿತು, ಬಸ್ಸಿನ ದುಡ್ಡು ಹೋಯಿತು. ಗಂಡನೆನಿಸಿಕೊಂಡವನು ಮಾತ್ರ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಆರಾಮವಾಗಿ ದೋಸೆ ತಿನ್ನುತ್ತಿದ್ದ. ತಡವಾದಷ್ಟೂ ಅವನಿಗೆ ಲಾಭ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದ ಮಟ್ಟಿಗೆ ತೀರ್ಮಾನಿಸಬೇಕು ಎಂದು 2001ರ ತಿದ್ದುಪಡಿ ಹೇಳಿತ್ತು. ಇವಳಿಗೆ ಆದೇಶ ಸಿಕ್ಕಿದ್ದು ಹನ್ನೊಂದನೆಯ ತಿಂಗಳಲ್ಲಿ. ಅದೂ ಅರ್ಜಿ ಹಾಕಿದ ದಿನದಿಂದಲ್ಲ, ಆದೇಶದ ದಿನದಿಂದ. ಹಾಗಾದರೆ ಆ ಹನ್ನೊಂದು ತಿಂಗಳು ಅವಳ ಮಕ್ಕಳು ಗಾಳಿ ಕುಡಿದು ಬದುಕಬೇಕಿತ್ತೇ? ಆದೇಶ ಬಂದ ಮೇಲಾದರೂ ದುಡ್ಡು ಬಂತೇ ಎಂದರೆ ಅದೂ ಇಲ್ಲ. ವಸೂಲಿಗೆ ಬೇರೆ ಅರ್ಜಿ, ವಾರಂಟು, ಹೋದಾಗಲೆಲ್ಲ ಬೀಗ ಹಾಕಿದ ಮನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಕಣ್ಣಾರೆ ಕಂಡೆ.

ಇದು ಒಬ್ಬಳ ಕಥೆಯಲ್ಲ. ಶಾಬಾನೊ ಹೆಸರು ಕೇಳದವರು ಯಾರು? ಇಂದೋರಿನ ಆ ತಾಯಿ 43 ವರ್ಷ ಸಂಸಾರ ಮಾಡಿದ ಮೇಲೆ ಮನೆಯಿಂದ ಹೊರಬಿದ್ದವಳು. ಗಂಡ ವಕೀಲ. 1978ರಲ್ಲಿ ಅವಳು ಕೇಳಿದ್ದು ತಿಂಗಳಿಗೆ 500 ರೂಪಾಯಿ, ಕೆಳಗಿನ ಕೋರ್ಟು ಕೊಟ್ಟದ್ದು 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅಷ್ಟಕ್ಕೂ ಗಂಡ ಸುಪ್ರೀಂ ಕೋರ್ಟಿಗೆ ಹೋದ, 1985ರ ತನಕ ಕೇಸು ಎಳೆಯಿತು. ಆಮೇಲೆ ದೇಶವೆಲ್ಲ ಧರ್ಮದ ಹೆಸರಿನಲ್ಲಿ ಹೊಡೆದಾಡಿಕೊಂಡಿತು, ಪಾರ್ಲಿಮೆಂಟು 1986ರಲ್ಲಿ ಬೇರೆಯೇ ಕಾಯಿದೆ ಮಾಡಿತು. ಆದರೆ ಮುದುಕಿಯೊಬ್ಬಳು 179 ರೂಪಾಯಿಗಾಗಿ ಏಳು ವರ್ಷ ಕಾಯಬೇಕೇ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ದೊಡ್ಡದೆಂದು ತಿಳಿಯಲಿಲ್ಲ. ನಮ್ಮ ಹೆಸರಿನಲ್ಲಿ ನಡೆಯುವ ಜಗಳಗಳೆಲ್ಲ ಹೀಗೆಯೇ. ಗದ್ದಲ ಬೇರೆಯವರದು, ಹಸಿವು ಮಾತ್ರ ನಮ್ಮದು.

ಹಾಗಾಗಿ ಗಾದೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಬಾವಿಯ ನೀರು ಕೆಟ್ಟಿದೆ ಎಂದರೆ ಬಾವಿ ಶುಚಿ ಮಾಡಬೇಕೋ, ಬಾಯಾರಿದವಳಿಗೆ 'ನೀನು ನೀರೇ ಕುಡಿಯಬೇಡ' ಎನ್ನಬೇಕೋ? ನಾವು ತಲೆಮಾರುಗಳಿಂದ ಎರಡನೆಯದನ್ನೇ ಮಾಡುತ್ತಿದ್ದೇವೆ.

ಕೋರ್ಟಿನ ವಿಳಂಬ ಬರಗಾಲದಂತೆ ಆಕಾಶದಿಂದ ಬಂದದ್ದಲ್ಲ. ದೇಶದಲ್ಲಿ ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕು ಎಂದು ಕಾನೂನು ಆಯೋಗ 1987ರಲ್ಲೇ ಹೇಳಿತು. ಐದು ವರ್ಷದೊಳಗೆ ಅಷ್ಟು ಮಾಡಿ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆದೇಶಿಸಿತು. ಇಷ್ಟು ವರ್ಷಗಳ ಮೇಲೂ ಮಂಜೂರಾದ ಹುದ್ದೆಗಳ ಲೆಕ್ಕದಲ್ಲೇ ನಾವು 21ರ ಆಸುಪಾಸಿನಲ್ಲಿದ್ದೇವೆ. ಖಾಲಿ ಕುರ್ಚಿಗಳನ್ನು ಕಳೆದರೆ ಇನ್ನೂ ಕಡಿಮೆ. ಇತ್ತ ಕೆಳಗಿನ ಕೋರ್ಟುಗಳಲ್ಲಿ ಬಾಕಿ ಇರುವ ಕೇಸುಗಳು ನಾಲ್ಕು ಕೋಟಿಗೂ ಮೀರಿವೆ. ಹತ್ತು ಜನ ಉಣ್ಣುವ ಮನೆಯಲ್ಲಿ ನಾಲ್ಕು ಜನಕ್ಕೆ ಅನ್ನ ಮಾಡಿಟ್ಟು, ಪಾಳಿಯಲ್ಲಿ ಕೊನೆಗೆ ನಿಂತವಳಿಗೆ 'ತಾಳ್ಮೆ ಇರಲಿ' ಎಂದರೆ ಏನೆನ್ನಬೇಕು? ಮನೆಯ ಲೆಕ್ಕ ಬರೆಯುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ದುಡ್ಡು ಯಾವುದಕ್ಕೆ ಮೊದಲು ತೆಗೆದಿಡುತ್ತೇವೆಯೋ ಅದೇ ನಮಗೆ ಮುಖ್ಯ. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ನ್ಯಾಯ ಯಾವಾಗಲೂ ಕೊನೆಯ ಸಾಲು.

ಕೇಳಿದರೆ ಸಿಗುತ್ತದೆಯೇ ಎಂದು ಅನುಮಾನಪಡುವವರು ಉತ್ತರ ಕರ್ನಾಟಕದ ಕಡೆ ನೋಡಲಿ. ಬೀದರಿನ ಹೆಣ್ಣುಮಗಳಿಗೆ ಹೈಕೋರ್ಟಿನಲ್ಲಿ ಕೆಲಸವಿದ್ದರೆ ಏಳುನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿಗೆ ಬರಬೇಕಾಗಿತ್ತು. ಹೋಗಿ ಬರುವ ಖರ್ಚಿನಲ್ಲೇ ಎಷ್ಟೋ ಜನರ ನ್ಯಾಯ ಮುಗಿದುಹೋಗುತ್ತಿತ್ತು. ಅಲ್ಲಿನ ಜನ, ವಕೀಲರು ಎಷ್ಟೋ ವರ್ಷ ಬೀದಿಗಿಳಿದು ಹೋರಾಡಿದರು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಅವು ಕಾಯಂ ಆದವು. ಕೋರ್ಟು ಜನರ ಹತ್ತಿರಕ್ಕೆ ಬರಬಲ್ಲದು, ಜನ ಗಟ್ಟಿಯಾಗಿ ಕರೆದರೆ.

ಈಗ ನಾನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ, ಪಕ್ಕದ ಮನೆಯವರಿಗೂ ಹೇಳಿ. ನಮ್ಮ ದೇಶದಲ್ಲಿ ಹೆಂಗಸಾದವಳಿಗೆ, ಅವಳ ಆದಾಯ ಎಷ್ಟೇ ಇರಲಿ, ಕೇಸು ನಡೆಸಲು ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ಬಡತನದಿಂದ ಯಾರೂ ನ್ಯಾಯ ಕಳೆದುಕೊಳ್ಳಬಾರದೆಂದು 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಾಯಿತು, 1995ರ ನವೆಂಬರ್ 9ರಂದು ಅದು ಜಾರಿಗೆ ಬಂತು. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರವಿದೆ, ತಾಲ್ಲೂಕಿನಲ್ಲಿ ಸಮಿತಿಯಿದೆ. ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಅದರ ಕೋಣೆ. 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ.

ನಮ್ಮ ಬೀದಿಯ ಹೆಣ್ಣುಮಗಳಿಗೆ ಇದು ಗೊತ್ತಾದದ್ದು ಕೇಸಿನ ಎರಡನೆಯ ವರ್ಷ, ಬಳೆಗಳು ಗಿರವಿ ಅಂಗಡಿ ಸೇರಿದ ಮೇಲೆ. ಪ್ರತಿ ವಾಯಿದೆಗೂ ದಾಟಿಕೊಂಡು ಹೋಗುತ್ತಿದ್ದ ಒಂದು ಬಾಗಿಲಿನ ಮೇಲೇ ಆ ಫಲಕವಿತ್ತು! ಯಾರೂ ಹೇಳಿರಲಿಲ್ಲ. ಅವಳ ವಕೀಲರೂ ಹೇಳಿರಲಿಲ್ಲ, ಅವರೇಕೆ ಹೇಳಿಯಾರು? ಆ ಕೋಣೆಯಲ್ಲಿದ್ದ ಗುಮಾಸ್ತೆಯೊಬ್ಬಳೇ ಇನ್ನೊಂದು ಮುಖ್ಯ ಮಾತು ತಿಳಿಸಿದಳು. ಬಾಕಿ ಜೀವನಾಂಶ ಯಾವ ದಿನ ಕೊಡಬೇಕಾಗಿತ್ತೋ ಅಂದಿನಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕದಿದ್ದರೆ, ಆ ಬಾಕಿಗೆ ವಾರಂಟು ಹೊರಡಿಸುವಂತಿಲ್ಲ. 'ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ' ಎಂದು ಗಂಡ ಯಾಕೆ ಅಷ್ಟು ಸಿಹಿಯಾಗಿ ಮಾತಾಡುತ್ತಿದ್ದನೆಂದು ಆಗ ನಮಗೆ ಹೊಳೆಯಿತು.

ಕಾನೂನಿನ ಸಂಗತಿಯೂ ನಿಂತ ನೀರಲ್ಲ. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಮಿತಿ 2001ರಲ್ಲಿ ಹೋಯಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು, ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಹಳೆಯ 125ನೆಯ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ವಿಚ್ಛೇದಿತ ಮುಸ್ಲಿಂ ಹೆಣ್ಣುಮಕ್ಕಳಿಗೂ ಈ ದಾರಿ ತೆರೆದೇ ಇದೆ ಎಂದು ಅದೇ ತಿಂಗಳು ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಹೆಂಡತಿ ತಾನು ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಮನೆಯೊಳಗಿನ ಹಿಂಸೆಯ ವಿರುದ್ಧ 2005ರಲ್ಲಿ ಬಂದ ಕಾಯಿದೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. ಇದಿಷ್ಟೂ ಬಂದದ್ದು ಹೇಗೆ? ಮರ್ಯಾದೆ ಹೋಗುತ್ತದೆಂಬ ಮಾತಿಗೆ ಕಿವಿಗೊಡದೆ ಯಾರೋ ಒಬ್ಬೊಬ್ಬಳು ಮೆಟ್ಟಿಲು ಹತ್ತಿದ್ದರಿಂದ. ಆ ಹಾದಿಯ ಕಲ್ಲುಮುಳ್ಳು ಅವರ ಕಾಲಿಗೆ ಚುಚ್ಚಿತು, ನೆರಳು ನಮಗೆ ಸಿಕ್ಕಿತು.

'ಪುಕ್ಕಟೆ ವಕೀಲರು ಅಷ್ಟಕ್ಕಷ್ಟೇ' ಎಂದು ಮೂಗು ಮುರಿಯುವವರಿದ್ದಾರೆ. ಕೆಲವರು ಅಷ್ಟಕ್ಕಷ್ಟೇ ಇರಬಹುದು. ಫೀಸು ಕೊಟ್ಟವರೆಲ್ಲ ಬೃಹಸ್ಪತಿಗಳೇನು? ಸರ್ಕಾರಿ ಶಾಲೆಗೆ ಏನಾಯಿತೆಂದು ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲೆ. ಕೇಳುವ ಬಾಯಿ ಇದ್ದ ಜನ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು, ಕೇಳಲಾರದವರ ಮಕ್ಕಳು ಉಳಿದರು, ಶಾಲೆ ಸೊರಗಿತು. ಕಾನೂನು ನೆರವೂ ಹಾಗಾಗಬಾರದೆಂದರೆ, ಓದುಬರಹ ಬಲ್ಲ ನಾವು ಆ ಬಾಗಿಲು ತಟ್ಟಬೇಕು. ಕೊಟ್ಟ ವಕೀಲರು ಸರಿಯಿಲ್ಲದಿದ್ದರೆ ಬದಲಿಸಿ ಎಂದು ಬರೆದುಕೊಡಬೇಕು. ಅದು ಭಿಕ್ಷೆಯ ಅನ್ನವಲ್ಲ, ನಾವು ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟಿದ ತೆರಿಗೆಯ ಅನ್ನ.

ಇನ್ನು ರಾಜಿಯ ಮಾತು. ಲೋಕ ಅದಾಲತ್ತಿನಿಂದ ಎಷ್ಟೋ ಜನಕ್ಕೆ ಉಪಕಾರವಾಗಿದೆ, ಅಪಘಾತದ ಪರಿಹಾರ, ಬ್ಯಾಂಕಿನ ಸಾಲದಂಥ ತಕರಾರುಗಳು ಒಂದೇ ದಿನ ಮುಗಿದಿವೆ. ನನಗೆ ಅದರ ಮೇಲೆ ದ್ವೇಷವಿಲ್ಲ. ಆದರೆ ರಾಜಿ ಎಂಬುದು ಸಮಬಲರ ನಡುವಿನ ಮಾತು. ಒಬ್ಬನ ಕೈಯಲ್ಲಿ ಮನೆ, ದುಡ್ಡು, ಮಕ್ಕಳು. ಇನ್ನೊಬ್ಬಳ ಕೈಯಲ್ಲಿ ಒಂದು ಟ್ರಂಕು. ಇವರಿಬ್ಬರನ್ನು ಎದುರುಬದುರು ಕೂರಿಸಿ 'ನೀವಿಷ್ಟು ಬಿಡಿ, ಅವರಷ್ಟು ಬಿಡಲಿ' ಎಂದರೆ ಅವಳು ಬಿಡುವುದು ಅರ್ಧವನ್ನಲ್ಲ, ಉಸಿರನ್ನು. ಅಲ್ಲಿ ಆದ ಒಪ್ಪಂದಕ್ಕೆ ಅಪೀಲೂ ಇಲ್ಲ ಎಂಬುದನ್ನು ಸಹಿಗೆ ಮುಂಚೆ ಯಾರಾದರೂ ಅವಳಿಗೆ ಬಿಡಿಸಿ ಹೇಳುತ್ತಾರೆಯೇ? ಎಷ್ಟು ಕೇಸು ಮುಗಿದವು ಎಂಬ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಎಷ್ಟು ಜನ ತೃಪ್ತಿಯಿಂದ ಮನೆಗೆ ಹೋದರು ಎಂಬ ಲೆಕ್ಕ ನಾನು ಓದಿಲ್ಲ.

ಆಸ್ತಿಯ ವಿಷಯಕ್ಕೆ ಬಂದರಂತೂ ನಮ್ಮ ನಗುವೇ ನಮಗೆ ಶತ್ರು. ಕರ್ನಾಟಕ 1994ರಲ್ಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ದೇಶಕ್ಕೇ ಆ ಕಾನೂನು ಬಂತು, ಮದುವೆಯಾದವಳಿಗೂ ಪಾಲು ಸಿಕ್ಕಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಖಚಿತಪಡಿಸಿತು. ಇಷ್ಟಾದ ಮೇಲೂ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಹೊಸ ಸೀರೆ ಉಟ್ಟು ಸಾಲಾಗಿ ನಿಂತಿರುವ ಅಕ್ಕತಂಗಿಯರನ್ನು ನೋಡಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದವರು ಅವರು. ವರ್ಷಕ್ಕೊಮ್ಮೆಯ ಅರಿಶಿನ ಕುಂಕುಮ, ಬಾಗಿನದ ಒಂದು ಸೀರೆ ಉಳಿಯಲಿ ಎಂದು ಹುಟ್ಟಿದ ಹಕ್ಕು ಬರೆದುಕೊಡುತ್ತಾರೆ. ಮನಸಾರೆ ಕೊಟ್ಟರೆ ನನ್ನ ಅಭ್ಯಂತರವಿಲ್ಲ. ಆದರೆ 'ಕೊಡುವುದಿಲ್ಲ' ಎಂದರೂ ತವರಿನ ಬಾಗಿಲು ತೆರೆದಿರುತ್ತದೆ ಎಂಬ ಧೈರ್ಯ ಇದ್ದವಳು ಕೊಟ್ಟದ್ದು ಮಾತ್ರ ದಾನ. ಉಳಿದದ್ದು ದಂಡ.

'ಹೆಂಗಸರು ಕಾನೂನನ್ನು ದುರುಪಯೋಗ ಮಾಡುತ್ತಾರೆ' ಎಂಬ ಕೂಗು ಈಗ ದೊಡ್ಡದಾಗಿದೆ. ಮಾಡುವವರು ಇರಬಹುದು. ಸುಳ್ಳು ಸಾಲಪತ್ರ ಬರೆದವರಿಲ್ಲವೇ, ಸುಳ್ಳು ಕ್ರಯಪತ್ರ ಮಾಡಿಸಿದವರಿಲ್ಲವೇ? ಅದಕ್ಕಾಗಿ ಸಾಲದ ಕಾನೂನು ಬೇಡ, ಜಮೀನಿನ ಕಾನೂನು ಬೇಡ ಎಂದು ಯಾರೂ ಹೇಳಲಿಲ್ಲ. ವಿಚಾರಿಸದೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಪೊಲೀಸರಿಗೆ ಕಟ್ಟುನಿಟ್ಟು ಮಾಡಿದೆ, ಅದು ಸರಿಯೇ. ಸುಳ್ಳು ನಿಜಗಳನ್ನು ಜರಡಿ ಹಿಡಿಯಲೆಂದೇ ಕೋರ್ಟು ಇರುವುದು. ಬೇಗ ಜರಡಿ ಹಿಡಿದರೆ ಸುಳ್ಳು ಸಿಕ್ಕಿದ ಗಂಡಸಿಗೂ ಬಿಡುಗಡೆ, ನಿಜ ಹೇಳಿದ ಹೆಂಗಸಿಗೂ ಅನ್ನ. ತಡ ಮಾಡುವ ಕೋರ್ಟಿನಿಂದ ಸುಖಪಡುವವನು ತಪ್ಪು ಮಾಡಿದವನೊಬ್ಬನೇ.

ಹೈಕೋರ್ಟಿನ ಭಾಷೆಯ ತಡೆಗೋಡೆಯೂ ಇದೆ. ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿಯ ಕಲಾಪ ಇಂಗ್ಲಿಷಿನಲ್ಲಿ. ತನ್ನ ಬದುಕನ್ನು ಬರೆದಿಟ್ಟ ಕಾಗದವನ್ನು ತಾನೇ ಓದಲಾರದೆ ಕೈಯಲ್ಲಿ ಹಿಡಿದು ನಿಂತವಳ ಮುಖ ನೀವು ನೋಡಬೇಕು. ಮೇಲಿನ ಕೋರ್ಟುಗಳ ಕೆಲವು ತೀರ್ಪುಗಳು ಈಚಿನ ವರ್ಷಗಳಲ್ಲಿ ಕನ್ನಡಕ್ಕೆ ಬರುತ್ತಿವೆ. ಕೆಲವು ಸಾಲದು, ತನ್ನ ಕೇಸಿನ ತೀರ್ಪು ತನ್ನ ಭಾಷೆಯಲ್ಲಿ ಸಿಗುವುದು ಕಕ್ಷಿದಾರಳ ಹಕ್ಕಾಗಬೇಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಏನಿರಬೇಕೆಂದರೆ: ಖಾಲಿ ಇರುವ ನ್ಯಾಯಾಧೀಶರ ಹುದ್ದೆ ತುಂಬಿ. ಕಾಯಿದೆ 60 ದಿನ ಎಂದರೆ 60 ದಿನವೇ ಎಂದು ಲೆಕ್ಕ ಒಪ್ಪಿಸಿ. ಜೀವನಾಂಶದ ಆದೇಶ ಹೊರಟ ಮೇಲೆ ವಸೂಲಿಯ ಹೊಣೆ ಆ ಹೆಂಗಸಿನ ತಲೆಯ ಮೇಲೆ ಹಾಕಬೇಡಿ. ಬ್ಯಾಂಕು ತನ್ನ ಸಾಲವನ್ನು ಹುಡುಕಿಕೊಂಡು ಬರುತ್ತದಲ್ಲ, ಸರ್ಕಾರ ತನ್ನ ಕಂದಾಯವನ್ನು ಬಿಡುವುದಿಲ್ಲವಲ್ಲ, ಅದೇ ಶ್ರದ್ಧೆಯಿಂದ ಮಗುವಿನ ಹಾಲಿನ ದುಡ್ಡನ್ನೂ ವಸೂಲು ಮಾಡಿ. ಕೋರ್ಟಿನಲ್ಲಿ ಹೆಂಗಸರು ಕೂರಲು ನೆರಳು, ಹೋಗಲು ಚೊಕ್ಕಟವಾದ ಶೌಚಾಲಯ ಕೊಡಿ. ಇವೆಲ್ಲ ಸಣ್ಣ ಮಾತು ಎನ್ನುವವರು ಒಂದು ದಿನ ಬೆಳಗಿನಿಂದ ಸಂಜೆಯ ತನಕ ಅಲ್ಲಿ ಕೂತು ನೋಡಲಿ.

ನಾವು ಮಾಡಬೇಕಾದದ್ದೂ ಒಂದಿದೆ. ನಮ್ಮ ಮಹಿಳಾ ಸಮಾಜಗಳಲ್ಲಿ ರಂಗೋಲಿ ಸ್ಪರ್ಧೆ ನಡೆಯಲಿ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಪಾಳಿಯ ಪಟ್ಟಿಯೂ ಇರಲಿ. ಊರಿನ ಯಾವ ಹೆಂಗಸಿಗೆ ಕೋರ್ಟಿನಲ್ಲಿ ವಾಯಿದೆ ಇದ್ದರೂ ಅಂದು ಅವಳ ಪಕ್ಕ ಒಬ್ಬಳು ಕೂತಿರಬೇಕು. ಕಾನೂನು ಗೊತ್ತಿರಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು. ಒಂಟಿ ಹೆಂಗಸಿಗೆ ಗದರುವ ಗುಮಾಸ್ತ, ಇಬ್ಬರನ್ನು ಕಂಡರೆ 'ಏನಮ್ಮಾ' ಎನ್ನುತ್ತಾನೆ. ಮೂವರಿದ್ದರೆ 'ಕೂತುಕೊಳ್ಳಿ' ಎನ್ನುತ್ತಾನೆ. ಇದು ನಾನು ಕಣ್ಣಾರೆ ಕಂಡ ಸತ್ಯ.

ಯಾರಾದರೂ ಮತ್ತೆ ಆ ಹಳೆಯ ಗಾದೆ ಎತ್ತಿದರೆ ಕೇಳಿ: ಗೆದ್ದವಳೂ ಸೋಲುವ ಹಾಗೆ ಕೋರ್ಟನ್ನು ಇಟ್ಟವರು ಯಾರು? ಉತ್ತರ ಹೇಳಲು ಅವರು ತಡವರಿಸುತ್ತಿರುವಾಗ, ಅರ್ಜಿ ಬರೆದು ಮುಗಿಸಿ. ಮರ್ಯಾದೆ ಇರುವುದು ಮೆಟ್ಟಿಲ ಕೆಳಗೆ ನಿಂತು ಅಳುವುದರಲ್ಲಿ ಅಲ್ಲ. ತನ್ನದನ್ನು ತನ್ನದು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ ಮರ್ಯಾದೆಯ ಕೆಲಸ ಇನ್ನೇನಿದೆ?